ಪೋರ್ಟ್ ಬ್ಲೇರ್‌ನ ಬಂಕರ್‌ಗಳು: ಕಟ್ಟಿಸಿದವರು ಜಪಾನಿನವರು, ಕಟ್ಟಿದವರು ಯಾರು?

ಪೋರ್ಟ್ ಬ್ಲೇರ್ ಪೇಟೆಯಿಂದ ಕಾರ್ಬಿನ್ಸ್ ಕೋವ್ ಕಡಲತೀರಕ್ಕೆ ಹೋಗುವ ರಸ್ತೆ ಸಮುದ್ರದ ಅಂಚಿನಲ್ಲೇ ಸಾಗುತ್ತದೆ. ಅಂಡಮಾನ್ ನೋಡಲು ಹೋಗುವ ನಮ್ಮ ಕಡೆಯವರೂ ಆ ದಾರಿಯಲ್ಲಿ ಓಡಾಡುತ್ತಾರೆ. ಅಲ್ಲಿ ಕುಳ್ಳಗಿನ ಕಾಂಕ್ರೀಟ್ ಕೋಣೆಗಳು ಕಾಣುತ್ತವೆ. ದಪ್ಪ ಗೋಡೆ, ಕಡಲ ಕಡೆಗೆ ತೆರೆದ ಕಿರಿದಾದ ಕಿಂಡಿ. ಒಳಗಿದ್ದವನು ಬಂದೂಕಿನ ತುದಿಯನ್ನು ಆ ಕಿಂಡಿಯಿಂದ ಹೊರಗಿಟ್ಟರೆ ತೀರಕ್ಕೆ ಬರುವ ದೋಣಿಗಳೆಲ್ಲ ಅವನ ಗುರಿಗೆ ಸಿಗುತ್ತಿದ್ದವು. ಬಂದರಿನ ಬಾಯಲ್ಲೇ ಇರುವ ರಾಸ್ ದ್ವೀಪದಲ್ಲೂ ಇಂಥವು ಉಳಿದಿವೆ. ಗೈಡ್‌ಗಳು ಸಾಮಾನ್ಯವಾಗಿ ಒಂದೇ ಮಾತು ಹೇಳಿ ಮುಂದೆ ಹೋಗುತ್ತಾರೆ: ‘ಇದು ಜಪಾನೀಸ್ ಬಂಕರ್.’

ಈ ಮಾತು ಸುಳ್ಳಲ್ಲ. ಆದರೆ ಅದು ಕಟ್ಟಿಸಿದವರ ಹೆಸರು ಮಾತ್ರ. ಕಲ್ಲು, ಮಣ್ಣು, ಸಿಮೆಂಟು ಹೊತ್ತವರು ಊರಿನ ಜನ. ಅವರ ಕಥೆ ಯಾಕೆ ಹಿಂದೆ ಸರಿಯಿತು ಅಂತ ತಿಳಿಯಲು 1941ರಿಂದ ಶುರುಮಾಡಬೇಕು.

ಆಗ ಬ್ರಿಟಿಷರ ಆಡಳಿತ ಕೇಂದ್ರ ಇದ್ದದ್ದು ರಾಸ್ ದ್ವೀಪದಲ್ಲಿ. ಬಂಗಲೆ, ಚರ್ಚು, ಬೇಕರಿ ಎಲ್ಲ ಇದ್ದ ಪುಟ್ಟ ಊರದು. 1941ರ ಜೂನ್ 26ರಂದು ದೊಡ್ಡ ಭೂಕಂಪವಾಯಿತು. ಕಟ್ಟಡಗಳು ಬಿರುಕು ಬಿಟ್ಟವು, ಆಡಳಿತ ಪೋರ್ಟ್ ಬ್ಲೇರ್‌ಗೆ ಬಂತು. ಒಂದು ವರ್ಷವೂ ಆಗಿರಲಿಲ್ಲ, 1942ರ ಮಾರ್ಚ್ 23ರಂದು ಜಪಾನಿನ ಪಡೆಗಳು ಬಂದಿಳಿದವು. ಬ್ರಿಟಿಷರು ಸೇನೆಯನ್ನು ಅದಕ್ಕೂ ಮೊದಲೇ ವಾಪಸ್ ಕರೆಸಿಕೊಂಡಿದ್ದರಿಂದ ಹೇಳಿಕೊಳ್ಳುವಂಥ ಕಾದಾಟವೇ ನಡೆಯಲಿಲ್ಲ.

ಮೊದಮೊದಲು ಜನರಿಗೆ ತುಸು ಆಸೆಯೂ ಇತ್ತು. ಬ್ರಿಟಿಷರು ಹೋದರಲ್ಲ, ಬಂದವರು ಏಷ್ಯಾದವರೇ ಅಲ್ವಾ ಅಂತ. ಆ ಆಸೆ ಮುರಿಯಲು ಎರಡು ಮೂರು ದಿನ ಸಾಕಾಯಿತು. ಸೈನಿಕರು ಮನೆಗಳಿಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳತೊಡಗಿದರು. ಜುಲ್ಫಿಕರ್ ಅಲಿ ಎಂಬ ಯುವಕ ಏರ್ ಗನ್ನಿನಿಂದ ಅವರತ್ತ ಗುಂಡು ಹಾರಿಸಿದ. ಯಾರಿಗೂ ಗಾಯವಾಗಲಿಲ್ಲ. ಆದರೂ ಅವನಿಗಾಗಿ ಮನೆಗಳಿಗೆ ಬೆಂಕಿ ಇಟ್ಟರು. ಅವನು ಸಿಕ್ಕ ಮೇಲೆ ಜನರ ಕಣ್ಣೆದುರೇ ಹಿಂಸಿಸಿ ಗುಂಡಿಟ್ಟು ಕೊಂದರು. ಅವನ ಸ್ಮಾರಕ ಇವತ್ತಿಗೂ ಊರಿನಲ್ಲಿದೆ.

ಆಮೇಲೆ ಶುರುವಾದದ್ದು ಕಟ್ಟಡ ಕೆಲಸ. ಬ್ರಿಟಿಷ್ ಹಡಗುಗಳು ವಾಪಸ್ ಬಂದೇ ಬರುತ್ತವೆ ಎಂಬ ಭಯ ಜಪಾನಿನವರಿಗಿತ್ತು. ಕಡಲಿಗೆ ಎದುರಾಗಿ ಸಾಲು ಬಂಕರ್‌ಗಳು ಬೇಕಿದ್ದವು, ವಿಮಾನ ಇಳಿಸಲು ಪಟ್ಟಿ ಬೇಕಿತ್ತು. ಹೊರಗಿನಿಂದ ಸಾಮಾನು ತರಿಸುವುದು ಕಷ್ಟ, ಇರುವುದನ್ನೇ ಒಡೆಯಬೇಕು. ರಾಸ್ ದ್ವೀಪದ ಪಾಳುಬಿದ್ದ ಬಂಗಲೆಗಳ ಕಲ್ಲು, ಇಟ್ಟಿಗೆ ಬಂಕರ್‌ಗಳಿಗೆ ಹೋದವು. ಸೆಲ್ಯುಲರ್ ಜೈಲಿನ ಏಳು ಸಾಲುಗಳ ಪೈಕಿ ಎರಡನ್ನು ಇದೇ ಅವಧಿಯಲ್ಲಿ ಕೆಡವಲಾಯಿತು. ಅದರ ಇಟ್ಟಿಗೆಯೂ ಬಂಕರ್‌ಗಳಿಗೇ ಹೋಯಿತು ಅಂತ ಊರಲ್ಲಿ ಹೇಳುತ್ತಾರೆ. ಕರಿನೀರಿನ ಕೈದಿಗಳು ಕಟ್ಟಿದ ಜೈಲನ್ನು ಒಡೆದು ಬಂಕರ್ ಕಟ್ಟುವ ಕೆಲಸಕ್ಕೆ ನಿಂತವರಲ್ಲಿ ಆ ಕೈದಿಗಳ ಮಕ್ಕಳು, ಮೊಮ್ಮಕ್ಕಳೂ ಇದ್ದಿರಲೇಬೇಕು. ಇದನ್ನು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ.

ಲಂಬಾ ಲೈನ್‌ನ ವಿಮಾನ ಪಟ್ಟಿಗೂ ಜನರನ್ನು ಬಲವಂತವಾಗಿ ದುಡಿಸಿದರು. ಇವತ್ತು ಬೆಂಗಳೂರಿನಿಂದ ಹಾರಿದ ವಿಮಾನ ಇಳಿಯುವುದು ಆ ಪಟ್ಟಿಯಿಂದಲೇ ಬೆಳೆದ ವಿಮಾನ ನಿಲ್ದಾಣದಲ್ಲಿ. ಬಂಕರನ್ನಾದರೂ ನಿಂತು ನೋಡುತ್ತಾರೆ, ರನ್‌ವೇಯನ್ನು ಯುದ್ಧಕಾಲದ ಕಟ್ಟಡ ಅಂತ ಯಾರೂ ನೆನೆಸುವುದಿಲ್ಲ.

ದಿನ ಕಳೆದಂತೆ ಸಂಶಯ ಜಾಸ್ತಿಯಾಯಿತು. ಮಿತ್ರರಾಷ್ಟ್ರಗಳ ಪಡೆಗಳು ಗುಟ್ಟಾಗಿ ದ್ವೀಪಕ್ಕೆ ಬಂದು ಹೋಗುತ್ತಿದ್ದದ್ದು ನಿಜ. ಹಡಗು ಮುಳುಗಿದಾಗಲೆಲ್ಲ ಜಪಾನಿನವರು ಊರೊಳಗೆ ಗೂಢಚಾರರನ್ನು ಹುಡುಕುತ್ತಿದ್ದರು. ಹಿಡಿದವರನ್ನು ಸೆಲ್ಯುಲರ್ ಜೈಲಿಗೇ ತುಂಬಿದರು. ಹೀಗೆ ಸಿಕ್ಕವರಲ್ಲಿ ಡಾ. ದಿವಾನ್ ಸಿಂಗ್ ಒಬ್ಬರು. ವೈದ್ಯರು, ಪಂಜಾಬಿ ಕವಿ, ಊರಿನ ಗುರುದ್ವಾರವನ್ನು ಕಟ್ಟಿ ಬೆಳೆಸಿದವರು. ಸೈನಿಕರಿಗಾಗಿ ಕರೆತಂದಿದ್ದ ಕೊರಿಯಾದ ಹೆಣ್ಣುಮಕ್ಕಳನ್ನು ಇರಿಸಲು ಗುರುದ್ವಾರ ಕೇಳಿದಾಗ ಅವರು ಕೊಡಲಿಲ್ಲ ಅಂತ ಜನ ನೆನೆಯುತ್ತಾರೆ. ತಿಂಗಳುಗಟ್ಟಲೆ ಚಿತ್ರಹಿಂಸೆ ಅನುಭವಿಸಿ 1944ರ ಜನವರಿ 14ರಂದು ತೀರಿಕೊಂಡರು.

ಈಗ ಇನ್ನೊಂದು ತಾರೀಕನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. 1943ರ ಡಿಸೆಂಬರ್ 30ರಂದು ಸುಭಾಷ್‌ಚಂದ್ರ ಬೋಸ್ ಪೋರ್ಟ್ ಬ್ಲೇರ್‌ನ ಜಿಮ್ಖಾನಾ ಮೈದಾನದಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಅಂಡಮಾನಿಗೆ ಶಹೀದ್, ನಿಕೋಬಾರಿಗೆ ಸ್ವರಾಜ್ ಎಂದು ಹೆಸರಿಟ್ಟರು. ಆ ದಿನ ದಿವಾನ್ ಸಿಂಗ್ ಅದೇ ಊರಿನ ಜೈಲಿನಲ್ಲಿದ್ದರು. ಬೋಸರನ್ನು ಜೈಲಿಗೂ ಕರೆದೊಯ್ದರು, ಆದರೆ ಆಗ ಅಲ್ಲಿ ನರಳುತ್ತಿದ್ದ ಕೈದಿಗಳನ್ನು ತೋರಿಸಲಿಲ್ಲ. ಮುಂದಿನ ತಿಂಗಳು, 1944ರ ಜನವರಿ 30ರಂದು, ಹಂಫ್ರಿಗಂಜ್‌ನಲ್ಲಿ 44 ಮಂದಿಯನ್ನು ಗೂಢಚಾರರೆಂದು ಗುಂಡಿಟ್ಟು ಕೊಂದರು. ಅವರಲ್ಲಿ ಬೋಸರ ಕೆಲಸಕ್ಕೆ ಕೈಜೋಡಿಸಿದ್ದ ಇಂಡಿಯನ್ ಇಂಡಿಪೆಂಡೆನ್ಸ್ ಲೀಗ್‌ನವರೂ ಇದ್ದರು.

ಧ್ವಜ ಹಾರಿದ್ದೂ ನಿಜ, ಜೈಲಿನ ಕೂಗೂ ನಿಜ. ದೇಶ ಧ್ವಜದ ಕಥೆಯನ್ನು ತನ್ನದು ಮಾಡಿಕೊಂಡಿತು. ಅದು ಸಹಜ, ಹೆಮ್ಮೆಪಡುವಂಥ ಕಥೆಯೇ. ಜೈಲಿನ ಕಥೆ ಮಾತ್ರ ಊರಿನ ಮನೆಗಳೊಳಗೇ ಉಳಿಯಿತು. ಎರಡನ್ನೂ ಒಟ್ಟಿಗೆ ಹೇಳಲು ನಮಗೆ ಇನ್ನೂ ಬಾಯಿ ಬರುವುದಿಲ್ಲ. ನನ್ನ ಪ್ರಕಾರ ಬಂಕರ್‌ಗಳ ಮುಂದೆ ಮಾತು ನಿಂತುಹೋಗಲು ದೊಡ್ಡ ಕಾರಣ ಇದೇ.

ಕೊನೆಕೊನೆಗೆ ಹಸಿವು. ಹಡಗುಗಳು ಬರುವುದು ನಿಂತಿತು. ಗೆಣಸು, ಮರಗೆಣಸಿನಲ್ಲಿ ಜನ ಜೀವ ಹಿಡಿದುಕೊಂಡರು. 1945ರ ಆಗಸ್ಟ್‌ನಲ್ಲಿ, ಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲೇ, ದುಡಿಯಲು ಆಗದ ನೂರಾರು ಜನರನ್ನು ದೋಣಿಗಳಲ್ಲಿ ತುಂಬಿ ಹ್ಯಾವ್‌ಲಾಕ್ ದ್ವೀಪದ ಬಳಿ ಕಡಲಿಗೆ ದೂಡಿದರು. ಈಜಿ ದಡ ಸೇರಿದವರಲ್ಲೂ ಹೆಚ್ಚಿನವರು ಹಸಿವಿನಿಂದ ಸತ್ತರು. ನಾವೀಗ ಬೆಳ್ಳಗಿನ ಮರಳು ನೋಡಲು ಹೋಗುವ ಹ್ಯಾವ್‌ಲಾಕ್ ಅದೇ. 1945ರ ಅಕ್ಟೋಬರ್‌ನಲ್ಲಿ ಜಪಾನಿನ ವೈಸ್ ಅಡ್ಮಿರಲ್ ಹಾರಾ ಶರಣಾದದ್ದು ಅದೇ ಜಿಮ್ಖಾನಾ ಮೈದಾನದಲ್ಲಿ. ಅಷ್ಟರಲ್ಲಿ ಜಪಾನಿನವರು ಕಾಗದಪತ್ರಗಳನ್ನು ನಾಶಮಾಡಿದ್ದರು. ಹಾಗಾಗಿ ಆ ಮೂರೂವರೆ ವರ್ಷಕ್ಕೆ ಬದುಕುಳಿದವರ ಬಾಯಿಮಾತೇ ದೊಡ್ಡ ಆಧಾರ.

ಆ ಬಾಯಿಮಾತು ಹೇಳುವವರೂ ಕಡಿಮೆಯಾದರು. ಯುದ್ಧ ಮುಗಿದ ಮೇಲೆ ಕೈದಿಗಳ ವಸಾಹತನ್ನು ರದ್ದು ಮಾಡಲಾಯಿತು, ಬಿಡುಗಡೆಯಾದ ಬಹಳ ಮಂದಿ ತಮ್ಮ ತಮ್ಮ ಊರಿಗೆ ಹೋದರು. 1949ರಿಂದ ಪೂರ್ವ ಬಂಗಾಳದ ನಿರಾಶ್ರಿತರು ಬಂದು ನೆಲೆಸಿದರು. ಆಮೇಲೆ ತಮಿಳರು, ತೆಲುಗರು, ರಾಂಚಿ ಕಡೆಯವರು ಜಾಸ್ತಿಯಾದರು. ಅವರ ಮನೆಗಳಲ್ಲಿ ಜಪಾನಿನವರ ಕಾಲದ ನೆನಪು ಇರಲು ಸಾಧ್ಯವಿರಲಿಲ್ಲ. ಆದರೆ 1942 ಇನ್ನೊಂದು ರೀತಿಯಲ್ಲಿ ಉಳಿದುಕೊಂಡಿದೆ. ಯುದ್ಧಕ್ಕೂ ಮುಂಚಿನಿಂದ ಇರುವ ಕುಟುಂಬಗಳನ್ನು ಅಂಡಮಾನಿನಲ್ಲಿ ‘ಪ್ರಿ ಫಾರ್ಟಿ-ಟೂ’ ಎನ್ನುತ್ತಾರೆ. ಹಿಂದುಳಿದ ವರ್ಗಗಳ ಸರ್ಕಾರಿ ಪಟ್ಟಿಯಲ್ಲೂ ಅದೇ ಹೆಸರು.

ಬಂಕರ್‌ಗಳಂತೆ ಮರೆತುಹೋಗುವ ಗತಿ ಸೆಲ್ಯುಲರ್ ಜೈಲಿಗೂ ಹೆಚ್ಚು ಕಡಿಮೆ ಬರುವುದಿತ್ತು. ಸ್ವಾತಂತ್ರ್ಯದ ನಂತರ ಇನ್ನೆರಡು ಸಾಲುಗಳನ್ನು ನಾವೇ ಕೆಡವಿದೆವು. ಆವರಣದಲ್ಲಿ ಆಸ್ಪತ್ರೆ ಎದ್ದಿತು. ಅಲ್ಲಿ ಕೈದಿಗಳಾಗಿದ್ದ ಹೋರಾಟಗಾರರು ಜಗಳ ಮಾಡಿದ್ದರಿಂದ ಮೂರು ಸಾಲು ಉಳಿದವು. 1979ರ ಫೆಬ್ರವರಿ 11ರಂದು ಅದು ರಾಷ್ಟ್ರೀಯ ಸ್ಮಾರಕವಾಯಿತು. ಬಂಕರ್‌ಗಳ ಪರವಾಗಿ ಹಾಗೆ ಜಗಳ ಮಾಡುವವರು ಇರಲಿಲ್ಲ. ಕೂಲಿಯಾಳುಗಳಿಗೆ ಸಂಘವೂ ಇರಲಿಲ್ಲ, ದಿಲ್ಲಿಯಲ್ಲಿ ದನಿಯೂ ಇರಲಿಲ್ಲ. ಉಪ್ಪುಗಾಳಿ, ಅಲೆ, 2004ರ ಸುನಾಮಿ ಎಲ್ಲವನ್ನೂ ತಡೆದುಕೊಂಡು ಅವು ನಿಂತಿವೆ.

ಈಚೆಗೆ ಹೆಸರುಗಳು ಬದಲಾಗಿವೆ. 2018ರಲ್ಲಿ ರಾಸ್ ದ್ವೀಪಕ್ಕೆ ನೇತಾಜಿ ಹೆಸರು ಬಂತು, ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಬೋರ್ಡುಗಳನ್ನು ಹೊಸದಾಗಿ ಬರೆಯುವ ಈ ಹೊತ್ತಿನಲ್ಲೇ ಪ್ರತಿ ಬಂಕರಿನ ಪಕ್ಕ ಎರಡು ಸಾಲು ಸೇರಿಸಬಹುದು: ಇದಕ್ಕೆ ಸಾಮಾನು ಎಲ್ಲಿಂದ ಬಂತು, ಯಾರಿಂದ ದುಡಿಸಿದರು. ಅಂದು ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಪ್ರಿ ಫಾರ್ಟಿ-ಟೂ ಮನೆಗಳಿಗೆ ರೆಕಾರ್ಡರ್ ಹಿಡಿದು ಹೋಗುವ ಕೆಲಸವನ್ನು ಇನ್ನೂ ಮುಂದೂಡಿದರೆ ಕೇಳಲು ಯಾರೂ ಸಿಗುವುದಿಲ್ಲ.