ಕುಡಿತದಿಂದ ಲಿವರ್ ಕೆಟ್ಟವರ ಬಾಲ್ಯದ ಬಗ್ಗೆ ಡಾಕ್ಟರ್ ಯಾಕೆ ಕೇಳ್ತಾರೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಕುಡಿತದಿಂದ ಲಿವರ್ ಹಾಳಾಗಿದೆ. ಆಸ್ಪತ್ರೆಯಲ್ಲಿ ಕೌನ್ಸೆಲರ್ ಒಬ್ಬರು, ಚಿಕ್ಕಂದಿನಲ್ಲಿ ಮನೆ ಹೇಗಿತ್ತು, ಹೊಡೆತ ಬಡಿತ ಇತ್ತಾ ಅಂತೆಲ್ಲ ಕೇಳಿದರು. ನಮ್ಮ ಮಾವ ಕುಡಿಯುತ್ತಿದ್ದರು, ಮಕ್ಕಳನ್ನು ವಿಪರೀತ ಹೊಡೆಯುತ್ತಿದ್ದರಂತೆ. ಆದರೆ ಅದು ಮೂವತ್ತು ವರ್ಷದ ಹಿಂದಿನ ಮಾತು. ಅದಕ್ಕೂ ಲಿವರ್‌ಗೂ ಏನು ಸಂಬಂಧ?

ಉತ್ತರ: ಸಂಬಂಧ ಇದೆ. ಆದರೆ ಅದರಲ್ಲಿ ದೊಡ್ಡ ಪಾಲು ಬಾಟಲಿಯ ಮೂಲಕ ಬರುವಂಥದ್ದು.

ಇದು ಮೊದಲು ಚೆನ್ನಾಗಿ ಲೆಕ್ಕಕ್ಕೆ ಸಿಕ್ಕಿದ್ದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ಅಲ್ಲಿ ಬೊಜ್ಜು ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಕೂರಿಸಿ ಕೇಳಿದಾಗ, ಹಲವರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು ಹೊರಬಂತು. ಡಾಕ್ಟರ್ ಕಣ್ಣಿಗೆ ರೋಗ ಅನ್ನಿಸಿದ್ದ ಬೊಜ್ಜು, ಆ ಹಳೆಯ ನೋವಿಗೆ ಅವರು ಕಂಡುಕೊಂಡ ಮದ್ದಾಗಿತ್ತು.

ಮುಂದೆ ಅವರೂ ರಾಬರ್ಟ್ ಆಂಡಾ ಎಂಬ ಸಂಶೋಧಕರೂ ಸೇರಿ 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯ ವಿಚಾರಿಸಿದರು. ಹೊಡೆತ, ಬೈಗುಳ, ದೌರ್ಜನ್ಯ, ತಾಯಿಗೆ ಹೊಡೆಯುವುದನ್ನು ನೋಡಿದ್ದು, ಮನೆಯಲ್ಲಿ ಕುಡುಕರಿದ್ದದ್ದು, ಹೀಗೆ. 1998ರ ವರದಿಯ ಪ್ರಕಾರ, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತದ ಚಟದ ಸಾಧ್ಯತೆ, ಯಾವುದೂ ಕಾಣದವರಿಗಿಂತ ಸುಮಾರು 7 ಪಟ್ಟು. 2003ರಲ್ಲಿ ಲಿವರ್ ಕಾಯಿಲೆಯ ಲೆಕ್ಕವೂ ಬಂತು. ಆರು ಅಥವಾ ಹೆಚ್ಚು ಬಗೆ ಕಂಡವರಲ್ಲಿ ಅದು 2.6 ಪಟ್ಟು. ಕುಡಿತ, ಡ್ರಗ್ಸ್, ಅಸುರಕ್ಷಿತ ಲೈಂಗಿಕ ಸಂಪರ್ಕ, ಇವುಗಳ ಪ್ರಭಾವವನ್ನು ಬದಿಗಿಟ್ಟು ನೋಡಿದಾಗ ಈ ನಂಟು ಶೇ. 38ರಿಂದ 50ರಷ್ಟು ಸಡಿಲವಾಯಿತು. ಅಂದರೆ ಸುಮಾರು ಅಷ್ಟು ಪಾಲು ಇವುಗಳ ಮೂಲಕವೇ ಬಂದದ್ದು. ಅಲ್ಲಿ ಲೆಕ್ಕ ಹಾಕಿದ್ದು ಜನ ತಾವೇ ಹೇಳಿಕೊಂಡ ಎಲ್ಲ ಬಗೆಯ ಲಿವರ್ ಕಾಯಿಲೆಯನ್ನು, ಬರೀ ಕುಡಿತದ್ದನ್ನಲ್ಲ. ಇನ್ನೊಂದು ಮಾತು. ಅವರಲ್ಲಿ ಹೆಚ್ಚಿನವರು ಓದಿದವರು, ಆರೋಗ್ಯ ವಿಮೆ ಇದ್ದವರು. ಬಡವರ ಮನೆ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ.

ಒಳಗೆ ಏನಾಗುತ್ತದೆ? ಅಪ್ಪ ಬಾಗಿಲು ತಟ್ಟುವ ಸದ್ದಿಗೇ ಇವತ್ತಿನ ರಾತ್ರಿ ಹೇಗಿರುತ್ತದೆ ಅಂತ ಅಂದಾಜು ಮಾಡುತ್ತಾ ಬೆಳೆದ ಮಗುವಿನ ಮೈ ಸದಾ ಎಚ್ಚರದಲ್ಲೇ ಇರುತ್ತದೆ. ಹೆದರಿಕೆಯ ಹಾರ್ಮೋನುಗಳ ಹದ ತಪ್ಪುತ್ತದೆ. ದೊಡ್ಡವರಾದ ಮೇಲೂ ನಿದ್ದೆ ಸರಿಯಿರುವುದಿಲ್ಲ, ಸುಮ್ನೆ ಬೆಚ್ಚಿಬೀಳುತ್ತಾರೆ. ಅಂಥವರಿಗೆ ಮೊದಲ ಸಲ ಒಂದು ಕ್ವಾರ್ಟರ್ ಇಳಿದಾಗ ಆ ಬಿಗಿ ಸಡಿಲವಾಗುತ್ತದೆ. ಜೊತೆಯಲ್ಲಿ ಕುಡಿದ ಗೆಳೆಯನಿಗೆ ಅದು ಮಜಾ, ಇವರಿಗೆ ಅಪರೂಪದ ನೆಮ್ಮದಿ. ಗೆಳೆಯ ಮುಂದಿನ ಹಬ್ಬದವರೆಗೆ ಕಾಯಬಲ್ಲ. ಇವರು ಮರುದಿನವೇ ಹೋಗುತ್ತಾರೆ.

ಯಾಕೆ ಕುಡಿದಿರಿ ಅಂತ ಲಿವರ್ ಕೇಳುವುದಿಲ್ಲ. ಎಷ್ಟು ಕುಡಿದಿರಿ, ಎಷ್ಟು ವರ್ಷ ಕುಡಿದಿರಿ ಅನ್ನುವುದೇ ಅದಕ್ಕೆ ಮುಖ್ಯ. ಮೊದಲು ಕೊಬ್ಬು, ಆಮೇಲೆ ಉರಿಯೂತ, ಕೊನೆಗೆ ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆ ಕಟ್ಟಿ ಗಟ್ಟಿಯಾಗುವುದು. ವಿಪರೀತ ಕುಡಿಯುವವರಲ್ಲೂ ಸಿರೋಸಿಸ್‌ವರೆಗೆ ಹೋಗುವವರು 100ಕ್ಕೆ 10ರಿಂದ 20 ಮಂದಿ. ತೂಕ, ಹೆಪಟೈಟಿಸ್ ಸೋಂಕು, ಜೀನ್ ಎಲ್ಲವೂ ಅಲ್ಲಿ ಸೇರುತ್ತವೆ. ಕುಡಿತದ ಚಟಕ್ಕೆ ಒಲಿಯುವ ಗುಣದಲ್ಲಿ ಸುಮಾರು ಅರ್ಧ ಪಾಲು ರಕ್ತದಿಂದಲೇ ಬರುತ್ತದೆ. ನಿಮ್ಮ ಮಾವ ಮಗನಿಗೆ ಹೊಡೆತವನ್ನೂ ಕೊಟ್ಟರು, ಜೀನನ್ನೂ ಕೊಟ್ಟರು. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಯಾರಿಂದಲೂ ಆಗದು. ಅಂಥ ಮನೆಯಲ್ಲಿ ಬೆಳೆದು ಗ್ಲಾಸೇ ಮುಟ್ಟದವರೂ ಬೇಕಾದಷ್ಟು ಜನ ಇದ್ದಾರೆ.

ಹಾಗಿದ್ದರೆ ಕೌನ್ಸೆಲರ್ ಕೇಳಿದ್ದು ಯಾಕೆ? "ಕುಡಿಯಬೇಡಿ" ಅಂತ ಹೇಳಿ ಕಳಿಸಿದರೆ, ಇಷ್ಟು ವರ್ಷ ಅವರು ನಿದ್ದೆಗೆ ನಂಬಿದ್ದನ್ನು ಕಿತ್ತುಕೊಂಡ ಹಾಗಾಯಿತು, ಬದಲಿಗೆ ಏನೂ ಕೊಡಲಿಲ್ಲ. ಅದಕ್ಕೇ ಎಷ್ಟೋ ಜನ ಡಿಸ್ಚಾರ್ಜ್ ಆದ ತಿಂಗಳಲ್ಲೇ ಮತ್ತೆ ಶುರು ಮಾಡುತ್ತಾರೆ. ಲಿವರ್, ಚಟ, ಮನಸ್ಸು ಮೂರಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಒಂದು ಪ್ರತ್ಯೇಕ ಕೇಂದ್ರವಿದೆ.

ದಿನಾ ಕುಡಿಯುವವರನ್ನು ಮನೆಯಲ್ಲೇ ಒಮ್ಮೆಲೇ ಬಿಡಿಸಲು ಹೋಗಬೇಡಿ. ಮೂರು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಅಂತ ಮಾರುವ ಪುಡಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಡೈಸಲ್ಫಿರಾಮ್ (ಕುಡಿತ ಬಿಡಿಸಲು ಬಳಸುವ ಒಂದು ಔಷಧಿ) ಇದ್ದರೆ, ಅದರ ಮೇಲೆ ಅವರು ಕುಡಿದರೆ ಕುಸಿದು ಬೀಳಬಹುದು. ಮೊದಲೇ ಕೆಟ್ಟ ಲಿವರ್‌ಗೆ ಅದು ಇನ್ನೊಂದು ಪೆಟ್ಟು.

ಹಳೆಯದನ್ನು ನೀವೇ ಕೆದಕಿ ಕೇಳುವುದು ಬೇಡ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಸಾಕು. ಹಾಗಂತ ಅವರ ಬಾಲ್ಯ ನಿಮ್ಮ ಮೇಲೆ ಕೈ ಮಾಡಲು ಪರವಾನಗಿ ಅಲ್ಲ. ನಿಮಗೆ ಮಕ್ಕಳಿದ್ದರೆ ಅವರ ಬಗ್ಗೆಯೂ ಡಾಕ್ಟರ್ ಹತ್ತಿರ ಮಾತಾಡಿ. ಕುಡಿಯುವವರಿರುವ ಮನೆ ಅನ್ನುವುದು ಮೇಲೆ ಹೇಳಿದ ಬಾಲ್ಯದ ಕಷ್ಟಗಳ ಪಟ್ಟಿಯಲ್ಲಿ ಇದೆ, ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿಯುವವರೇ ಮಾಡಬೇಕು ಅಂತಿಲ್ಲ, ನೀವೂ ಮಾಡಬಹುದು.