ಗ್ರಾಹಕ ಆಯೋಗಕ್ಕೆ ದೂರು: ಮಿತಿ, ಶುಲ್ಕ, ಗಡುವು

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಓದುವಾಗ ಜಾಸ್ತಿ ಗೊಂದಲ ಆಗುವುದು ಮೊತ್ತದ ಮಿತಿಯಲ್ಲಿ, ಅಂದರೆ ಎಷ್ಟು ಹಣದ ದೂರು ಜಿಲ್ಲಾ, ರಾಜ್ಯ, ರಾಷ್ಟ್ರೀಯ ಆಯೋಗಗಳಲ್ಲಿ ಯಾವುದಕ್ಕೆ ಹೋಗಬೇಕು ಎಂಬುದರಲ್ಲಿ. ಅದನ್ನೇ ಮೊದಲು ನೋಡೋಣ.

1986ರ ಹಳೇ ಕಾಯ್ದೆಯಲ್ಲಿ ವಸ್ತುವಿನ ಬೆಲೆಗೆ ನಾವು ಕೇಳುವ ಪರಿಹಾರವನ್ನೂ ಕೂಡಿಸುತ್ತಿದ್ದರು. ಈಗ ಹಾಗಿಲ್ಲ. ನಾವು ಕೊಟ್ಟ ಹಣ ಮಾತ್ರ ಲೆಕ್ಕಕ್ಕೆ ಬರುತ್ತದೆ. 32,000 ರೂಪಾಯಿಯ ಫ್ರಿಜ್‌ಗೆ ಬೆಂಕಿ ಹತ್ತಿ ಮನೆಯೇ ಸುಟ್ಟಿತು, 60 ಲಕ್ಷ ಪರಿಹಾರ ಕೇಳಿದಿರಿ ಅಂದುಕೊಳ್ಳಿ. ಆಗಲೂ ದೂರು ಹೋಗುವುದು ಜಿಲ್ಲಾ ಆಯೋಗಕ್ಕೇ. ಈ ಲೆಕ್ಕ ಸರಿಯಲ್ಲ ಎಂಬ ವಾದ ಸುಪ್ರೀಂ ಕೋರ್ಟಿಗೂ ಹೋಯಿತು. 2025ರಲ್ಲಿ ಕೋರ್ಟು ಈ ಲೆಕ್ಕವನ್ನೇ ಎತ್ತಿಹಿಡಿಯಿತು.

ಇನ್ನೊಂದು ಎಚ್ಚರ. ಜಿಲ್ಲಾ ಆಯೋಗದ ಮಿತಿ 1 ಕೋಟಿ ಎಂದು ಕಾಯ್ದೆಯಲ್ಲಿ ಅಚ್ಚಾಗಿದೆ. ಆದರೆ 2021ರ ಡಿಸೆಂಬರ್‌ನ ನಿಯಮಗಳು ಅದನ್ನು 50 ಲಕ್ಷಕ್ಕೆ ಇಳಿಸಿವೆ. ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಿನದು ರಾಷ್ಟ್ರೀಯ ಆಯೋಗ. ಪರೀಕ್ಷೆಯಲ್ಲಿ ಕಾಯ್ದೆಯನ್ನಷ್ಟೇ ನಂಬಿ ಬರೆದರೆ ಉತ್ತರ ತಪ್ಪುತ್ತದೆ.

ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದಿಲ್ಲ, ನಾವೇ ವಾದಿಸಬಹುದು.

ಎಲ್ಲಿ ದೂರು ಕೊಡಬೇಕು? ಹೊಸ ಕಾಯ್ದೆಯ ನಿಜವಾದ ಉಪಕಾರ ಇಲ್ಲಿದೆ. ಕಂಪನಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ಹಾಸನದಲ್ಲಿ ವಾಸವಿರುವವರು ಹಾಸನದಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ತರಿಸಿದ ವಸ್ತು ಕೆಟ್ಟರೆ ಇದೇ ದೊಡ್ಡ ಆಸರೆ, ಅಲ್ವಾ?

ಮಾರಾಟಕ್ಕೆಂದು ಅಥವಾ ವ್ಯಾಪಾರದ ಉದ್ದೇಶಕ್ಕೆ ಕೊಂಡವರು 'ಗ್ರಾಹಕ' ಆಗುವುದಿಲ್ಲ. ಆದರೆ ಹೊಟ್ಟೆಪಾಡಿಗೆ ತಾನೇ ದುಡಿಯಲು ಹೊಲಿಗೆ ಯಂತ್ರ ಕೊಂಡ ಟೈಲರ್ ಗ್ರಾಹಕರೇ. ಪುಕ್ಕಟೆ ಪಡೆದ ಸೇವೆಯ ಬಗ್ಗೆ ದೂರು ನಿಲ್ಲದು.

ಗಡುವು 2 ವರ್ಷ (ಸೆಕ್ಷನ್ 69). ಇದು ದೂರಿಗೆ ಕಾರಣ ಹುಟ್ಟಿದ ದಿನದಿಂದ ಶುರುವಾಗುತ್ತದೆ. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಆಯೋಗ ಒಪ್ಪಿದರೆ ಆ ಕಾರಣವನ್ನು ಬರೆದಿಡಬೇಕು. ಕಸ್ಟಮರ್ ಕೇರ್‌ನವರು 'ನೋಡ್ತೀವಿ' ಅನ್ನುತ್ತಿದ್ದಾರೆ ಎಂದು ಸುಮ್ನೆ ಕಾಯಬೇಡಿ, ಗಡುವು ಓಡುತ್ತಲೇ ಇರುತ್ತದೆ.

ಎದುರಿನವರಿಗೂ ಗಡುವಿದೆ. ನೋಟಿಸ್ ಸಿಕ್ಕ 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ ಇನ್ನೂ 15 ದಿನ ಕೊಡಬಹುದು. ಹಳೇ ಕಾಯ್ದೆಯ ಇದೇ ನಿಯಮದ ಬಗ್ಗೆ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 45 ದಿನದ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದಿತು.