ಅಪ್ಪನ ಫೋಟೋಗಳಿಂದ ಶ್ರದ್ಧಾಂಜಲಿ ವಿಡಿಯೋ: ನಾವೇ ಮಾಡಬಹುದಾ?

ಪ್ರಶ್ನೆ: ಅಪ್ಪ ತೀರಿಕೊಂಡು ನಾಲ್ಕು ದಿನವಾಯಿತು. ಹನ್ನೊಂದನೇ ದಿನ ದಾವಣಗೆರೆಯ ಮನೆ ಮುಂದೆ ಶಾಮಿಯಾನ ಹಾಕಿ ಶಿವಗಣಾರಾಧನೆ ಇಟ್ಟುಕೊಂಡಿದ್ದೇವೆ. ಅವತ್ತು ಅವರ ಫೋಟೋಗಳ ವಿಡಿಯೋ ತೋರಿಸುವ ಆಸೆ. ಮೊಬೈಲ್‌ನಲ್ಲಿ ನಾವೇ ಮಾಡಬಹುದಾ? ಎಷ್ಟು ಫೋಟೋ ಬೇಕು?

ಉತ್ತರ: ಖಂಡಿತ ಮಾಡಬಹುದು. ಜೋಡಿಸುವುದು ಒಂದು ಸಂಜೆಯ ಕೆಲಸ. ಉಳಿದ ದಿನಗಳನ್ನು ಫೋಟೋ ಹುಡುಕುವುದಕ್ಕೇ ಇಟ್ಟುಕೊಳ್ಳಿ.

ಒಂದು ಫೋಟೋಗೆ 6 ಸೆಕೆಂಡ್ ಅಂದರೆ 50 ಫೋಟೋಗೆ 5 ನಿಮಿಷ. ಅಷ್ಟು ಸಾಕು. ಗುಂಪಿನ ಫೋಟೋ ಮಾತ್ರ ಇನ್ನೆರಡು ಸೆಕೆಂಡ್ ನಿಲ್ಲಲಿ. ಎಲ್ಲರೂ ಅದರಲ್ಲಿ ತಮ್ಮವರನ್ನು ಹುಡುಕುತ್ತಾರೆ.

ಮನೆಯ ಆಲ್ಬಮ್‌ನಲ್ಲಿ ಸಿಗುವುದು ಹೆಚ್ಚಾಗಿ ಮದುವೆ, ಗೃಹಪ್ರವೇಶದ ಫೋಟೋಗಳು. ಎಲ್ಲದರಲ್ಲೂ ಅಪ್ಪ ಕೈಕಟ್ಟಿ ನೆಟ್ಟಗೆ ನಿಂತಿರುತ್ತಾರೆ. ಅಪ್ಪ ಅಪ್ಪನ ಹಾಗೇ ಇರುವ ಫೋಟೋ ಬೇರೆಯವರ ಹತ್ತಿರ ಇರುತ್ತದೆ. ಸೋದರತ್ತೆಯ ಟ್ರಂಕಿನಲ್ಲಿ, ಜೊತೆಗೆ ಕೆಲಸ ಮಾಡಿದವರ ಮೊಬೈಲ್‌ನಲ್ಲಿ ಕೇಳಿ ನೋಡಿ. ಕಣದಲ್ಲಿ ಮೆಕ್ಕೆಜೋಳ ಹರವುತ್ತಿರುವುದು, ಹರಿಹರದ ಹೊಳೆ ದಂಡೆಯಲ್ಲಿ ಮೊಮ್ಮಗಳ ಕೈ ಹಿಡಿದಿರುವುದು, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಕಟ್ಟೆ ಮೇಲೆ ಕೂತಿರುವುದು. ಸ್ವಲ್ಪ ಮಸುಕಾಗಿದ್ದರೂ ಇಂಥವೇ ಇರಲಿ. ಯಾವ ವರ್ಷದ್ದು ಅಂತ ಗೊತ್ತಾಗದಿದ್ದರೆ ಹಿರಿಯರನ್ನು ಕೇಳಿ. ನಿಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ತಾನೇ? "ಆ ಜಾತ್ರೆಯಲ್ಲಿ ನೀನಿನ್ನೂ ತೊಟ್ಟಿಲಲ್ಲಿದ್ದೆ" ಅಂತ ಅವರು ಲೆಕ್ಕ ಹಿಡಿದುಬಿಡುತ್ತಾರೆ. ಆಸ್ಪತ್ರೆ ಹಾಸಿಗೆಯ ಫೋಟೋ ಬೇಡ.

ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿದರೆ ಒಳ್ಳೆಯದು. ಅಂಗಡಿಯಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಅಂತ ಹೇಳಿ ಕೇಳಿ. ಆಗ 4×6 ಇಂಚಿನ ಫೋಟೋ 2400×3600 ಪಿಕ್ಸೆಲ್ ಆಗುತ್ತದೆ. ಫುಲ್ ಎಚ್‌ಡಿ ಟಿವಿಗೆ ಬೇಕಿರುವುದು 1920×1080. ಹಾಗಾಗಿ ಮುಖವನ್ನು ಹತ್ತಿರಕ್ಕೆ ತಂದರೂ ಒಡೆಯುವುದಿಲ್ಲ. ಮೊಬೈಲ್‌ನಲ್ಲೇ ತೆಗೆಯುವುದಾದರೆ ಫ್ಲಾಷ್ ಆರಿಸಿ. ಬಿಸಿಲು ನೇರ ಬೀಳದ ಕಿಟಕಿ ಪಕ್ಕ ಫೋಟೋ ಇಟ್ಟು, ಮೇಲಿನಿಂದ ನೇರವಾಗಿ ತೆಗೆಯಿರಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋವನ್ನು ಮಾತ್ರ ಕೀಳಬೇಡಿ, ಹರಿದುಹೋಗುತ್ತದೆ. ಗಾಜಿನ ಸಮೇತ ತೆಗೆದುಕೊಳ್ಳಿ.

ನೆಂಟರು ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಉದ್ದನೆಯ ಫೋಟೋವನ್ನು ಟಿವಿಯ ಅಗಲಕ್ಕೆ ಹಿಗ್ಗಿಸಬೇಡಿ. ಎರಡೂ ಪಕ್ಕ ಕಪ್ಪು ಉಳಿದರೆ ಉಳಿಯಲಿ.

ಕನ್ನಡದಲ್ಲಿ ಹೆಸರು ಹಾಕುವಾಗ ಹುಷಾರು. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದು "ಅಪ್ಪ" ಹೋಗಿ "ಅಪ್‌ಪ" ಆಗುತ್ತದೆ. ನಮ್ಮ ಅಜ್ಜಿಯ ವಿಡಿಯೋದಲ್ಲಿ ಹೀಗೇ ಆಗಿತ್ತು. ಎಲ್ಲರೆದುರು ಅದು ತೆರೆ ಮೇಲೆ ಬಂದಾಗ ಆದ ಸಂಕಟ ಇನ್ನೂ ಮರೆತಿಲ್ಲ. ಅಕ್ಷರ ಸರಿಯಾಗಿ ಮೂಡುವ ಕಡೆ ಬರೆದು, ಅದನ್ನೇ ಚಿತ್ರವಾಗಿ ಉಳಿಸಿಕೊಂಡು ವಿಡಿಯೋಗೆ ಸೇರಿಸಿ.

ಫೋಟೋದಲ್ಲಿರುವವರು ಕಣ್ಣು ಮಿಟುಕಿಸಿ ನಗುವಂತೆ ಮಾಡುವ ಎಐ ಆಪ್‌ಗಳು ಈಗ ಜಾಸ್ತಿ. ದಯವಿಟ್ಟು ಬೇಡ. ಅದು ಅಪ್ಪನ ನಗು ಅಲ್ಲ ಅಂತ ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ.

ಹಾಡಿಗೆ ವಚನವೇ ಸರಿ ಅನ್ನಿಸಿದರೆ, ನಿಮ್ಮ ಓಣಿಯ ಭಜನೆಯವರು ಹಾಡಿದ್ದನ್ನೇ ರೆಕಾರ್ಡ್ ಮಾಡಿಕೊಳ್ಳಿ. ವಚನ ಹನ್ನೆರಡನೇ ಶತಮಾನದ್ದಾದರೂ ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣಕ್ಕೆ ಹಕ್ಕುದಾರರಿರುತ್ತಾರೆ. ಮುಂದೆ ಯೂಟ್ಯೂಬ್‌ಗೆ ಹಾಕಿದಾಗ ಅದರಿಂದ ತೊಂದರೆ ಬರಬಹುದು. ಇನ್ನೊಂದು ಮಾತು. ಅಪ್ಪ ಕಳಿಸಿದ ವಾಟ್ಸಾಪ್ ಧ್ವನಿ ಸಂದೇಶ ಯಾರ ಮೊಬೈಲ್‌ನಲ್ಲಾದರೂ ಇದ್ದರೆ ಇವತ್ತೇ ಉಳಿಸಿಕೊಳ್ಳಿ. "ಊಟ ಆಯ್ತಾ? ಬಸ್ ಹತ್ತಿದ ಮೇಲೆ ಫೋನ್ ಮಾಡು" ಅನ್ನುವಷ್ಟೇ ಇದ್ದರೂ ಸಾಕು. ವಿಡಿಯೋದ ಕೊನೆಗೆ, ಹಾಡು ನಿಲ್ಲಿಸಿ, ಅದೊಂದನ್ನೇ ಕೇಳಿಸಬಹುದು.

ಹಗಲು ಹೊತ್ತು ಶಾಮಿಯಾನದಡಿ ಪ್ರೊಜೆಕ್ಟರ್ ಚಿತ್ರ ಸರಿಯಾಗಿ ಕಾಣುವುದಿಲ್ಲ. ದೊಡ್ಡ ಟಿವಿ ಬಾಡಿಗೆಗೆ ತನ್ನಿ. ವಿಡಿಯೋ ಎಂಪಿ4 ಆಗಿರಲಿ, ಪೆನ್‌ಡ್ರೈವ್‌ಗೆ ಹಾಕಿ ಹಿಂದಿನ ದಿನವೇ ಅದೇ ಟಿವಿಯಲ್ಲಿ ಓಡಿಸಿ ನೋಡಿ.

ಆ ಹಿಂದಿನ ದಿನ ರಾತ್ರಿಯೇ ಅಮ್ಮನಿಗೆ ಒಬ್ಬರಿಗೇ ತೋರಿಸಿ, ಆ ಧ್ವನಿಯನ್ನೂ ಕೇಳಿಸಿ. ಅವರು ಬೇಡ ಅಂದದ್ದನ್ನು ತೆಗೆದುಬಿಡಿ. ಯಾಕೆ ಅಂತ ಕೇಳಬೇಡಿ.